ಬೀಡಿ ಬಿಡಲು ಇ-ಸಿಗರೇಟು ಆದೀತೇ?

ಪ್ರಶ್ನೆ: ಅಪ್ಪ ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಾರೆ. ಇಂಗ್ಲೆಂಡಿನಲ್ಲಿ ವೈದ್ಯರೇ ಇ-ಸಿಗರೇಟಿಗೆ ಬದಲಾಗಿ ಅಂತಾರಂತೆ. ಇಲ್ಲೇಕೆ ಸಿಗದು?
– ಓದುಗರು, ಗುಂಡ್ಲುಪೇಟೆ

ಉತ್ತರ: ನೀವು ಕೇಳಿದ್ದು ನಿಜ. ಚಟ ಹಿಡಿಸುವುದು ನಿಕೋಟಿನ್. ಪ್ರಾಣ ತೆಗೆಯುವುದು ಹೆಚ್ಚಾಗಿ ಹೊಗೆ. ಇ-ಸಿಗರೇಟಿನಲ್ಲಿ ಏನೂ ಉರಿಯುವುದಿಲ್ಲ, ದ್ರವ ಕಾಯುತ್ತದೆ ಅಷ್ಟೆ. ಹಾಗಾಗಿ ಟಾರ್, ಕಾರ್ಬನ್ ಮೊನಾಕ್ಸೈಡ್ ಕಾಟವಿಲ್ಲ. 2019ರ ಬ್ರಿಟಿಷ್ ಪ್ರಯೋಗವೊಂದರಲ್ಲಿ ವರ್ಷದ ಬಳಿಕ ಧೂಮಪಾನ ಬಿಟ್ಟಿದ್ದವರು ಇ-ಸಿಗರೇಟು ಗುಂಪಿನಲ್ಲಿ ಶೇ. 18, ನಿಕೋಟಿನ್ ಪಟ್ಟಿ-ಗಮ್ ಗುಂಪಿನಲ್ಲಿ ಶೇ. 9.9. ಆದರೆ ಹಾಗೆ ಬಿಟ್ಟವರಲ್ಲಿ ಶೇ. 80ರಷ್ಟು ಮಂದಿ ಇ-ಸಿಗರೇಟನ್ನು ಬಿಟ್ಟಿರಲಿಲ್ಲ!

ಕರ್ನಾಟಕ 2016ರಲ್ಲೇ ಇದನ್ನು ನಿಷೇಧಿಸಿತು. 2019ರಲ್ಲಿ ಕೇಂದ್ರದ ಕಾನೂನೂ ಬಂತು. ಬಂಡೀಪುರ ದಾಟಿ ಊಟಿಗೋ ಸುಲ್ತಾನ್ ಬತ್ತೇರಿಗೋ ಹೋದರೂ ಅದೇ ಕಾನೂನು. ಮಾರಿದವರಿಗೆ ಮೊದಲ ಸಲಕ್ಕೇ ವರ್ಷದವರೆಗೆ ಜೈಲು ಅಥವಾ ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಹದಿಹರೆಯದವರಿಗೆ ಹೊಸ ಚಟ ಅಂಟದಿರಲಿ ಎಂಬುದು ಸರ್ಕಾರದ ವಾದ. ಒಪ್ಪೋಣ, ಆದರೆ ಬೀಡಿ ಮಾತ್ರ ಮೂಲೆಯಂಗಡಿಯಲ್ಲಿ ರಾಜಾರೋಷವಾಗಿ ಸಿಗುತ್ತದಲ್ಲ, ಅದು ನನಗೆ ವಿಚಿತ್ರವೆನಿಸುತ್ತದೆ.

ಕದ್ದು ತರಿಸಿದ ಸಾಧನದೊಳಗೆ ಏನಿದೆಯೋ ಯಾರು ಬಲ್ಲರು? ಆ ದಾರಿ ಬೇಡ. ಅಪ್ಪನನ್ನು ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಕರೆದೊಯ್ದು ವೈದ್ಯರಿಗೆ ತೋರಿಸಿ, ಇಲ್ಲವೇ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ. ನಿಕೋಟಿನ್ ಗಮ್ ಕೊಟ್ಟರೆ ಎಲೆಅಡಿಕೆಯಂತೆ ಜಗಿದು ಉಗಿಯಬಾರದು: ನಾಲಿಗೆ ಚುರುಗುಟ್ಟಿದೊಡನೆ ಒಸಡು-ಕೆನ್ನೆಯ ನಡುವೆ ಒತ್ತರಿಸಿಡಬೇಕು, ಚುರುಕು ಇಳಿದಾಗ ಮತ್ತೆ ಜಗಿಯಬೇಕು. ಅದಕ್ಕೆ ಕಾಲು ಗಂಟೆ ಮುಂಚೆ ಕಾಫಿ-ಟೀ ಬೇಡ.