‘ಮಾಡಿಸಿದಂ’ ಮತ್ತು ‘ಕರವಿಯಲೇಂ’: ಬೆಳಗೊಳದ ಎರಡು ವಾಕ್ಯಗಳ ವ್ಯಾಕರಣ

ಠಾಣೆ, ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳಲ್ಲಿ ನೆಲಸಿದ ಕನ್ನಡಿಗರಿಗೆ ಮರಾಠಿಯ ಎಷ್ಟೋ ಪದಗಳು ಮೊದಲೇ ಪರಿಚಿತವಾಗಿರುವುದರಿಂದ ಆ ಭಾಷೆಯನ್ನು ಕಲಿಯುವುದು ಕಷ್ಟವೆನಿಸದು. ಆದರೂ ಒಂದು ಸ್ಥಳದಲ್ಲಿ ಅವರು ಬಹುಕಾಲ ಎಡವುತ್ತಾರೆ. ‘ನಾನು ಮಾವಿನಹಣ್ಣು ತಿಂದೆ’ ಎಂಬುದನ್ನು ಗಂಡಸು ಹೇಳಲಿ, ಹೆಂಗಸು ಹೇಳಲಿ, ಮರಾಠಿಯಲ್ಲಿ ಅದು ‘ಮೀ ಆಂಬಾ ಖಾಲ್ಲಾ’. ತಿಂದದ್ದು ಪೋಳಿಯಾದರೆ ‘ಮೀ ಪೋಳೀ ಖಾಲ್ಲೀ’. ಕ್ರಿಯಾಪದವು ತಿಂದವರ ಲಿಂಗವನ್ನು ಕೇಳುವುದಿಲ್ಲ, ತಿನಿಸಿನ ಲಿಂಗವನ್ನು ಕೇಳುತ್ತದೆ. ‘ತಿಂದನು’, ‘ತಿಂದಳು’ ಎಂದು ಕರ್ತೃವನ್ನೇ ಅನುಸರಿಸಿ ನಡೆಯುವ ಕನ್ನಡದ ಕಿವಿಗೆ ಇದು ವಿಚಿತ್ರವಾಗಿ ತೋರುವುದು ಸಹಜ. ಎರಡು ಭಾಷೆಗಳ ಈ ಭೇದವು ಎಷ್ಟು ಹಳೆಯದೆಂದು ತಿಳಿಯಬೇಕಾದರೆ ಶ್ರವಣಬೆಳಗೊಳದ ವಿಂಧ್ಯಗಿರಿಯನ್ನೇರಿ ಗೊಮ್ಮಟನ ಪಾದದ ಬಳಿ ನಿಲ್ಲಬೇಕು.

ಗಂಗರ ಮಂತ್ರಿಯೂ ದಂಡನಾಯಕನೂ ಆಗಿದ್ದ ಚಾವುಂಡರಾಯನು ಕ್ರಿ.ಶ. 981ರ ಸುಮಾರಿಗೆ ಆ ಮೂರ್ತಿಯನ್ನು ಮಾಡಿಸಿದನೆಂಬುದು ಸುವಿದಿತ. ಮೂರ್ತಿಯ ಇಕ್ಕೆಲಗಳಲ್ಲಿ ಒಂದೇ ಸಂಗತಿಯನ್ನು ಮೂರು ಭಾಷೆಗಳಲ್ಲಿ ಕೆತ್ತಲಾಗಿದೆ. ಕನ್ನಡದಲ್ಲಿ ‘ಶ್ರೀ ಚಾವುಣ್ಡರಾಜಂ ಮಾಡಿಸಿದಂ’. ತಮಿಳಿನಲ್ಲಿ, ಗ್ರಂಥ ಮತ್ತು ವಟ್ಟೆಳುತ್ತು ಲಿಪಿಗಳಲ್ಲಿ, ‘ಶ್ರೀ ಚಾಮುಂಡರಾಜನ್ ಚೆಯ್ವಿತ್ತಾನ್’. ನಾಗರಿಯಲ್ಲಿ ‘ಶ್ರೀ ಚಾವುಂಡರಾಜೇಂ ಕರವಿಯಲೇಂ’. ಈ ಕೊನೆಯದು ಮರಾಠಿ. ಲೂಯಿಸ್ ರೈಸ್ ಅವರು 1889ರಲ್ಲಿ ಬೆಳಗೊಳದ ಶಾಸನಗಳನ್ನು ಪ್ರಕಟಿಸಿದಂದಿನಿಂದ ಈ ಚಿಕ್ಕ ವಾಕ್ಯದ ಕಾಲದ ಕುರಿತು ಚರ್ಚೆ ಸಾಕಷ್ಟು ನಡೆದಿದೆ. ಅದರ ವ್ಯಾಕರಣಕ್ಕೆ ಕನ್ನಡಿಗರು ಕೊಟ್ಟ ಗಮನ ಕಡಮೆ.

ಕನ್ನಡ ವಾಕ್ಯವನ್ನು ಬಿಡಿಸುವುದು ಸುಲಭ. ‘ಚಾವುಣ್ಡರಾಜಂ’ ಎಂಬುದು ಪ್ರಥಮಾ ವಿಭಕ್ತಿ. ಕೇಶಿರಾಜನು ಹೇಳುವ ‘ಮ್’ ಪ್ರತ್ಯಯವೇ ಇಲ್ಲಿ ಅನುಸ್ವಾರವಾಗಿ ನಿಂತಿದೆ. ‘ಮಾಡು’ ಧಾತುವಿಗೆ ಪ್ರೇರಣಾರ್ಥದ ‘ಇಸು’, ಭೂತಕಾಲದ ‘ದ’, ಪ್ರಥಮ ಪುರುಷ ಪುಲ್ಲಿಂಗ ಏಕವಚನದ ‘ಅಂ’ ಸೇರಿ ‘ಮಾಡಿಸಿದಂ’ ಆಗಿದೆ. ತಮಿಳಿನ ‘ಚೆಯ್ವಿತ್ತಾನ್’ ಕೂಡ ಇದೇ ದಾರಿಯದು. ಕಡೆಯ ‘ಆನ್’ ಮಾಡಿಸಿದಾತನನ್ನೇ ಸೂಚಿಸುತ್ತದೆ.

ಮರಾಠಿ ವಾಕ್ಯದ ನಡೆಯೇ ಬೇರೆ. ‘ಚಾವುಂಡರಾಜೇಂ’ ಎಂಬುದು ಪ್ರಥಮೆಯಲ್ಲ, ತೃತೀಯೆ. ಸಂಸ್ಕೃತದ ‘ರಾಜೇನ’ ಎಂಬಂತಹ ರೂಪವು ಪ್ರಾಕೃತದಲ್ಲಿ ಸವೆದು ಉಳಿದ ‘ಏಂ’ ಇದು. ಇಂದಿನ ಮರಾಠಿಯಲ್ಲಿ ಇದರ ಸ್ಥಾನದಲ್ಲಿ ‘ನೇ’ ಬಂದಿದೆ. ‘ಕರವಿಯಲೇಂ’ ಎಂಬಲ್ಲಿ ‘ಕರ’ ಧಾತು, ಪ್ರೇರಣಾರ್ಥದ ‘ವ’, ಭೂತಕೃದಂತದ ‘ಇಯ’ (ಸಂಸ್ಕೃತದ ‘ಇತ’), ಅದರ ಮೇಲೆ ‘ಲ’, ಕೊನೆಗೆ ನಪುಂಸಕ ಏಕವಚನದ ‘ಏಂ’. 1962ರ ಶುದ್ಧಲೇಖನ ನಿಯಮಗಳು ಬರುವವರೆಗೆ ‘ಕೇಲೇಂ’ ಎಂದು ಅನುಸ್ವಾರಸಹಿತವಾಗಿ ಬರೆಯುತ್ತಿದ್ದ ರೂಪವೂ ಇದೇ. ಹೀಗೆ ‘ಮಾಡಿಸಿದಂ’ ಎಂಬುದು ಚಾವುಂಡರಾಯನನ್ನು ಅನುಸರಿಸಿದರೆ, ‘ಕರವಿಯಲೇಂ’ ಎಂಬುದು ಆತ ಮಾಡಿಸಿದ ವಸ್ತುವನ್ನು ಅನುಸರಿಸುತ್ತದೆ.

ದಾದೋಬಾ ಪಾಂಡುರಂಗರು 1836ರ ತಮ್ಮ ವ್ಯಾಕರಣದಿಂದ ಆರಂಭಿಸಿದ ಪರಂಪರೆಯಲ್ಲಿ ಇಂತಹ ರಚನೆಗೆ ಕರ್ಮಣಿ ಪ್ರಯೋಗವೆಂದು ಹೆಸರು. ಆ ಹೆಸರನ್ನು ನಂಬಿ ‘ಚಾವುಂಡರಾಜನಿಂದ ಮಾಡಿಸಲ್ಪಟ್ಟಿತು’ ಎಂದು ಅನುವಾದಿಸಿದರೆ ಮೂಲದ ಭಾವ ಕೆಡುತ್ತದೆ. ನಮ್ಮ ‘ಪಡು’ ಪ್ರಯೋಗವು ಪಂಡಿತರ ಲೇಖನಿಗೆ ಸೇರಿದ್ದು. ಮರಾಠಿಯ ಈ ರಚನೆಯಾದರೋ ಮಕ್ಕಳ ಬಾಯಲ್ಲೂ ಸಲೀಸು. ಹುಟ್ಟಿನಿಂದ ಅದು ಕರ್ಮಣಿ, ಬಳಕೆಯಲ್ಲಿ ಸಕರ್ಮಕ ಕ್ರಿಯೆಯ ಸಾಮಾನ್ಯ ಭೂತಕಾಲ.

ಇಲ್ಲೊಂದು ತೊಡಕುಂಟು. ‘ಮೂರ್ತಿ’, ‘ಪ್ರತಿಮಾ’ ಎರಡೂ ಸ್ತ್ರೀಲಿಂಗ. ಹಾಗಾದರೆ ಕ್ರಿಯೆ ನಪುಂಸಕವೇಕೆ? ಶಾಸನದಲ್ಲಿ ಕರ್ಮಪದವೇ ಇಲ್ಲ. ಕಣ್ಣೆದುರಿಗೆ ನಿಂತದ್ದನ್ನು ಹೆಸರಿಸುವ ಅಗತ್ಯವೂ ಇರಲಿಲ್ಲ. ‘ಬಿಂಬ’ದಂತಹ ನಪುಂಸಕ ಪದವನ್ನು ಅಧ್ಯಾಹಾರ ಮಾಡಿಕೊಳ್ಳಬಹುದು. ಅಥವಾ ‘ರಾಮಾನೇ ರಾವಣಾಲಾ ಮಾರಲೇ’ ಎಂಬ ಭಾವೇ ಪ್ರಯೋಗದಲ್ಲಿರುವಂತೆ, ಅನುಸರಿಸಲು ಯಾವ ಪದವೂ ಸಿಗದಾಗ ಕ್ರಿಯೆಯು ನಪುಂಸಕದಲ್ಲಿ ನಿಂತಿದೆಯೆನ್ನಬಹುದು. ಎರಡನೆಯ ಸಮಾಧಾನವೇ ಹೆಚ್ಚು ಸರಳ.

ಇದರ ಕೆಳಗಿನ ಸಾಲು ‘ಶ್ರೀ ಗಂಗರಾಜೇ ಸುತ್ತಾಲೇ ಕರವಿಯಲೇ’. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು 1117ರ ಸುಮಾರಿಗೆ ಮೂರ್ತಿಯ ಸುತ್ತಲೂ ಸುತ್ತಾಲಯವನ್ನು ಕಟ್ಟಿಸಿದ ಸಂಗತಿ ಇದು. ‘ಸುತ್ತಾಲೇ’ ಎಂಬುದು ಅಚ್ಚ ಕನ್ನಡದ ‘ಸುತ್ತು’ ಸೇರಿ ಆದ ಪದ; ಮರಾಠಿಯ ಬಾಯಿಗೆ ಬಂದು ನಪುಂಸಕ ರೂಪವನ್ನು ತಳೆದಿದೆ, ಕ್ರಿಯೆ ಅದನ್ನು ಅನುಸರಿಸಿದೆ. ಎರಡು ಸಾಲುಗಳ ಅಕ್ಷರಗಳೂ ಒಂದೇ ಕಾಲದವೆಂದು, ಆದ್ದರಿಂದ ಮೊದಲ ಸಾಲೂ ಹನ್ನೆರಡನೆಯ ಶತಮಾನದ್ದೆಂದು ಒಂದು ಪಕ್ಷವುಂಟು. ಅದನ್ನು ಒಪ್ಪಿದರೆ ‘ಮರಾಠಿಯ ಮೊದಲ ವಾಕ್ಯ’ವೆಂಬ ಪದವಿ ಇದರ ಕೈತಪ್ಪುತ್ತದೆ, ಅಲಿಬಾಗದ ಬಳಿಯ ಅಕ್ಷಿ ಶಾಸನಕ್ಕೆ, ಅದರ ಕಾಲವನ್ನು ಶಕ 934, ಎಂದರೆ ಕ್ರಿ.ಶ. 1012 ಎಂದು ಓದುವವರ ಮತದಲ್ಲಿ, ಆ ಪದವಿ ಸಲ್ಲುತ್ತದೆ. ವ್ಯಾಕರಣದ ಮಟ್ಟಿಗೆ ಈ ವಾದದಿಂದ ಹೆಚ್ಚೇನೂ ಬದಲಾಗದು.

ಈ ವಾಕ್ಯವನ್ನು ಹಿಡಿದು ಬೆಳಗೊಳದವರೆಗೂ ಮರಾಠಿಯ ನಾಡಿತ್ತೆಂದು ಹೇಳುವವರಿದ್ದಾರೆ. ಕನ್ನಡದ ಆಶ್ರಯದಲ್ಲೇ ಮರಾಠಿ ಹುಟ್ಟಿತೆಂದು ಬೀಗುವವರೂ ಇದ್ದಾರೆ. ವಾಕ್ಯವು ಎರಡಕ್ಕೂ ಸಾಕ್ಷಿ ನುಡಿಯುವುದಿಲ್ಲ. ಕನ್ನಡ ಬಲ್ಲವನೊಬ್ಬನು ಪದಕ್ಕೆ ಪದವನ್ನಿಟ್ಟು ಬರೆದಿದ್ದರೆ ಕರ್ತೃಪದ ಪ್ರಥಮೆಯಲ್ಲಿ, ಕ್ರಿಯೆ ಪುಲ್ಲಿಂಗದಲ್ಲಿ ಬರಬೇಕಾಗಿತ್ತು. ಡೊಂಬಿವಲಿಗೆ ಹೊಸದಾಗಿ ಬಂದ ನಮ್ಮವರು ‘ಮೀ ಖಾಲ್ಲೋ’ ಎನ್ನುವುದು ಈ ಕಾರಣದಿಂದಲೇ. ಬೆಳಗೊಳದಲ್ಲಿ ಆ ತಪ್ಪಿಲ್ಲ. ಅದನ್ನು ರಚಿಸಿದಾತ ಮರಾಠಿಯನ್ನು ಮನೆಮಾತಿನಂತೆ ಬಲ್ಲವನು. ಓದುವವರಾಗಿ ಆತನ ಮನಸ್ಸಿನಲ್ಲಿದ್ದವರು ಉತ್ತರದಿಂದ ಬರುತ್ತಿದ್ದ ಜೈನ ಯಾತ್ರಿಕರಿರಬೇಕು.

ಪದಗಳು ಹೀಗೆ ಹಟ ಹಿಡಿಯುವುದಿಲ್ಲ. ಠಾಣೆಯನ್ನು ಸ್ಥಾನಕವೆಂಬ ಹೆಸರಿನಲ್ಲಿ ರಾಜಧಾನಿಯಾಗಿ ಮಾಡಿಕೊಂಡಿದ್ದ ಉತ್ತರ ಕೊಂಕಣದ ಶಿಲಾಹಾರರು ತಮ್ಮ ಸಂಸ್ಕೃತ ತಾಮ್ರಪಟಗಳಲ್ಲಿ ‘ನನ್ನಿಸಮುದ್ರ’ದಂತಹ ಬಿರುದುಗಳನ್ನು ಧರಿಸಿದರು. ‘ನನ್ನಿ’ ಎಂದರೆ ಸತ್ಯವೆಂಬುದು ಹಳಗನ್ನಡ ಓದಿದವರಿಗೆಲ್ಲ ಗೊತ್ತು. ಕನ್ನಡದ ಬಿರುದು ಸಂಸ್ಕೃತ ಸಮಾಸದೊಳಗೆ ಸೇರಿಕೊಂಡಿತು. ವಾಕ್ಯ ಮಾತ್ರ ಸಂಸ್ಕೃತದ್ದಾಗಿಯೇ ಉಳಿಯಿತು.