ಬೆಹೆಮಾ ಎಂದರೆ ಯಾವ ಪ್ರಾಣಿ?

ಹೀಬ್ರೂ ಬೈಬಲಿನಲ್ಲಿ ‘ಬೆಹೆಮಾ’ ಎಂಬ ನಾಮಪದ ಸುಮಾರು 190 ಸಲ ಬರುತ್ತದೆ. ನಿಘಂಟು ತೆರೆದರೆ ಪಶು, ದನಕರು, ಮೃಗ, ಪ್ರಾಣಿ ಎಂದು ಅರ್ಥಗಳು ಸಾಲುಗಟ್ಟಿ ನಿಲ್ಲುತ್ತವೆ. ಎಲ್ಲಿ ಯಾವುದನ್ನು ಹಿಡಿಯಬೇಕು? ಪದದ ನೆರೆಯಲ್ಲಿ ಏನಿದೆ ಎಂದು ನೋಡುವುದೇ ಇದಕ್ಕೆ ನಂಬಬಹುದಾದ ದಾರಿ.

ಮೊದಲಿಗೆ ಆದಿಕಾಂಡ 1:24. ಭೂಮಿಯಿಂದ ಹುಟ್ಟಿದ ಜೀವಿಗಳು ಅಲ್ಲಿ ಮೂರು ಗುಂಪಾಗುತ್ತವೆ: ಬೆಹೆಮಾ, ನೆಲದ ಮೇಲೆ ಹರಿದಾಡುವ ‘ರೆಮೆಸ್’, ಕಾಡಿನ ‘ಹಯ್ಯಾ’. ಹಯ್ಯಾ ಜತೆಗಿದ್ದಾಗ ಬೆಹೆಮಾ ಎಂದರೆ ಸಾಕುಪ್ರಾಣಿ. ನಮ್ಮ ಪಶು ಮತ್ತು ಮೃಗ ಎಂಬ ಜೋಡಿ ಇಲ್ಲಿ ಚೆನ್ನಾಗಿ ಹೊಂದುತ್ತದೆ. ರೂಪದಲ್ಲಿ ಇದು ಸ್ತ್ರೀಲಿಂಗ ಏಕವಚನ; ಆದರೂ ಒಂದೇ ರಾಸಿಗೂ ಇಡೀ ಹಿಂಡಿಗೂ ಸಲ್ಲುತ್ತದೆ. ಯಾಜಕಕಾಂಡ 1:2 ಬಲಿಗೆ ತರಬೇಕಾದ ಬೆಹೆಮಾ ಯಾವುದೆಂದು ಬಿಡಿಸಿ ಹೇಳುತ್ತದೆ: ದನಗಳಾದ ‘ಬಾಕಾರ್’, ಆಡು ಕುರಿಗಳು ಕೂಡಿದ ‘ತ್ಸೋನ್’. ಹಾಗಾಗಿ ದನ ಎನ್ನುವುದು ಬೆಹೆಮಾದ ಒಂದು ಭಾಗ ಮಾತ್ರ.

ಪಕ್ಕದಲ್ಲಿ ‘ಆದಾಮ್’, ಅಂದರೆ ಮನುಷ್ಯ, ಇದ್ದರೆ ವ್ಯಾಪ್ತಿ ಹಿಗ್ಗುತ್ತದೆ. ಪ್ರಸಂಗಿ ಗ್ರಂಥದ 3ನೆಯ ಅಧ್ಯಾಯ ಮನುಷ್ಯನಿಗೂ ಬೆಹೆಮಾಕ್ಕೂ ಒಂದೇ ಗತಿ, ಇಬ್ಬರಿಗೂ ಒಂದೇ ಉಸಿರು ಎನ್ನುವಾಗ ಕೊಟ್ಟಿಗೆಯ ಪ್ರಾಣಿಗಳಷ್ಟೇ ಲೆಕ್ಕದಲ್ಲಿಲ್ಲ. ಮನುಷ್ಯನಲ್ಲದ ಪ್ರಾಣಿಕುಲವೇ ಅಲ್ಲಿದೆ. ‘ಬಯಲಿನ’ ಎಂಬ ವಿಶೇಷಣ ಸೇರಿದರೆ ಅರ್ಥ ಕಾಡಿನ ಕಡೆಗೂ ಹೊರಳಬಹುದು. ದಾವೀದನ ಹೆಣವನ್ನು ಹಕ್ಕಿಗಳಿಗೂ ಬಯಲಿನ ಬೆಹೆಮಾಕ್ಕೂ ಹಾಕುತ್ತೇನೆಂದು ಗೊಲ್ಯಾತ ಬೆದರಿಸುತ್ತಾನೆ (1 ಸಮುವೇಲ 17:44). ಹೆಣ ತಿನ್ನುವುದು ಕುರಿ ಹಸುಗಳಂತೂ ಅಲ್ಲ. ನೆಹೆಮೀಯ ರಾತ್ರಿ ಹೊತ್ತು ಯೆರೂಸಲೇಮಿನ ಒಡೆದ ಗೋಡೆಗಳನ್ನು ನೋಡಲು ಹೊರಟಾಗ ಅವನ ಜತೆ ಒಂದೇ ಬೆಹೆಮಾ ಇತ್ತು. ಅದು ಅವನು ಏರಿದ್ದ ಸವಾರಿಯ ಪ್ರಾಣಿ.

ಆಹಾರದ ನಿಯಮಗಳಿಗೆ ಬಂದರೆ ಗೆರೆ ಇನ್ನೂ ಮಸುಕು. ಧರ್ಮೋಪದೇಶಕಾಂಡ 14:4-5 ತಿನ್ನಬಹುದಾದ ಬೆಹೆಮಾಗಳೆಂದು ಹತ್ತನ್ನು ಹೆಸರಿಸುತ್ತದೆ. ಎತ್ತು, ಕುರಿ, ಆಡು ಮೂರೇ ಸಾಕಿದವು. ಉಳಿದ ಏಳೂ ಜಿಂಕೆ, ಸಾರಂಗ, ಕಾಡುಮೇಕೆಗಳಂಥ ಕಾಡಿನವು. ಇಲ್ಲಿ ಬೆಹೆಮಾ ಎಂದರೆ ನೆಲದ ಮೇಲೆ ನಡೆಯುವ ದೊಡ್ಡ ಚತುಷ್ಪಾದಿ, ಅಷ್ಟೇ. ಬೈಬಲು ಸಡಿಲವಾಗಿ ಬಿಟ್ಟದ್ದನ್ನು ಯೆಹೂದಿ ಧರ್ಮಶಾಸ್ತ್ರಜ್ಞರು ಆಮೇಲೆ ಬಿಗಿಗೊಳಿಸಿದರು. ಅದಕ್ಕೆ ಕಾರಣವೂ ಇತ್ತು. ಬೆಹೆಮಾದ ಕೆಲವು ಕೊಬ್ಬು ನಿಷಿದ್ಧ. ಹಯ್ಯಾದ ರಕ್ತವನ್ನು ಮಣ್ಣಿನಿಂದ ಮುಚ್ಚಬೇಕು. ಯಾವುದು ಯಾವುದೆಂದು ತಿಳಿಯದೆ ಅಡುಗೆಮನೆ ನಡೆಯದು. ಮಿಶ್ನಾ ಗ್ರಂಥದ ಕಿಲಾಯಿಮ್ ಭಾಗ (8:6) ಹಂದಿಯನ್ನು ಬೆಹೆಮಾಕ್ಕೂ, ಆನೆ ಕೋತಿಗಳನ್ನು ಹಯ್ಯಾಕ್ಕೂ ಸೇರಿಸುತ್ತದೆ. ನಾಯಿ ಯಾವ ಗುಂಪಿಗೆ ಎಂಬಲ್ಲಿ ಒಮ್ಮತವಿಲ್ಲ: ಅದು ಹಯ್ಯಾ ಎಂಬುದು ಮೊದಲ ಅಭಿಪ್ರಾಯ, ಬೆಹೆಮಾ ಎನ್ನುವವರು ರಬ್ಬಿ ಮೇಯಿರ್.

ಬೆಹೆಮಾದ ಜತೆ ಸುಲಭವಾಗಿ ಬೆರೆತುಹೋಗುವ ಇನ್ನೊಂದು ಪದ ‘ಮಿಕ್ನೆ’. ‘ಪಡೆದುಕೊಳ್ಳು, ಕೊಳ್ಳು’ ಎಂಬ ಧಾತುವಿನಿಂದ ಬಂದ ಇದು ಪ್ರಾಣಿಯನ್ನು ಆಸ್ತಿಯಾಗಿ ಕಾಣುತ್ತದೆ. ಅಬ್ರಾಮನ ಸಂಪತ್ತಿನ ಪಟ್ಟಿಯಲ್ಲಿ ಬೆಳ್ಳಿ ಬಂಗಾರದ ಜತೆ ಕೂರುವುದು ಮಿಕ್ನೆ. ಬರಗಾಲದಲ್ಲಿ ಐಗುಪ್ತದವರು ಯೋಸೇಫನಿಗೆ ಒಪ್ಪಿಸಿ ಧಾನ್ಯ ಪಡೆದದ್ದೂ ಮಿಕ್ನೆಯನ್ನೇ. ವಿಮೋಚನಕಾಂಡದ 9ನೆಯ ಅಧ್ಯಾಯದಲ್ಲಿ ಒಂದು ಹಳೆಯ ತೊಡಕಿದೆ: ರೋಗದಿಂದ ಐಗುಪ್ತದ ಮಿಕ್ನೆಯೆಲ್ಲ ಸತ್ತಿತು ಎಂದಾದ ಮೇಲೆ ಬೆಹೆಮಾಗಳ ಮೈಮೇಲೆ ಹುಣ್ಣು ಏಳುವುದು ಹೇಗೆ? ಎರಡು ಪದ ಬೇರೆ ಎಂದು ಬಿಡಿಸಿಕೊಳ್ಳುವುದು ಸುಲಭ. ಆದರೆ 19ನೆಯ ವಚನದಲ್ಲಿ ಮಿಕ್ನೆ ಮತ್ತೆ ಬರುವುದರಿಂದ ಆ ಉತ್ತರ ನಿಲ್ಲುವುದಿಲ್ಲ. ರೋಗ ಬಂದದ್ದು ‘ಬಯಲಿನಲ್ಲಿದ್ದ’ ಹಿಂಡಿಗೆ ಎಂದು 3ನೆಯ ವಚನ ಹೇಳುತ್ತದಲ್ಲ, ಅದೇ ಹೆಚ್ಚು ಗಟ್ಟಿಯಾದ ಆಧಾರ.

ಅನುವಾದಕರಿಗೆ ಈ ಪದ ಮೊದಲಿನಿಂದಲೂ ಸವಾಲು. ಪ್ರಾಚೀನ ಗ್ರೀಕ್ ಅನುವಾದ ಆದಿಕಾಂಡ 1:24ರ ಬೆಹೆಮಾವನ್ನು ‘ನಾಲ್ಕು ಕಾಲಿನವು’ ಎನ್ನುತ್ತದೆ; ಮುಂದಿನ ವಚನದಲ್ಲೇ ‘ಕ್ತೇನೇ’ ಎಂದು ಬದಲಾಯಿಸುತ್ತದೆ. ಕ್ತೇನೇ ಕೂಡ ಗ್ರೀಕಿನಲ್ಲಿ ‘ಗಳಿಸು’ ಎಂಬ ಕ್ರಿಯಾಪದಕ್ಕೆ ಸಂಬಂಧಿಸಿದ್ದು. ಯೋಬನ ಗ್ರಂಥ 40:15ರಲ್ಲಿ ಅನೇಕರು ಪದವನ್ನು ಅನುವಾದಿಸುವ ಗೋಜಿಗೇ ಹೋಗಲಿಲ್ಲ. ಅಲ್ಲಿರುವುದು ಬಹುವಚನ ರೂಪದ ‘ಬೆಹೆಮೋತ್’, ಆದರೆ ಎತ್ತಿನಂತೆ ಹುಲ್ಲು ಮೇಯುವ ಆ ಮಹಾಪ್ರಾಣಿ ಒಂದೇ. ಹೀಗಾಗಿ ಅದು ಹೆಸರಾಗಿಯೇ ಉಳಿಯಿತು.

ಈ ಪದದ ಬಳಕೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಬೆಹೆಮಾಕ್ಕೆ ದೊರೆತ ಪಾಲು. ಸಬ್ಬತ್ತಿನ ವಿಶ್ರಾಂತಿ ಮಗ, ಮಗಳು, ಆಳುಗಳಿಗೆ ಇರುವಂತೆ ಅದಕ್ಕೂ ಇದೆ. ನಿನೆವೆಯ ಅರಸ ಉಪವಾಸ ಸಾರಿದಾಗ ಬೆಹೆಮಾವೂ ಗೋಣಿತಟ್ಟು ಹೊದೆಯಬೇಕಾಯಿತು. ಯೋನನ ಗ್ರಂಥದ ಕಡೆಯ ವಾಕ್ಯದಲ್ಲಿ ದೇವರು ಆ ಊರಿನ ಮೇಲೆ ಕನಿಕರಪಡಲು ಕೊಡುವ ಕಾರಣ ಎರಡು: 1,20,000ಕ್ಕೂ ಹೆಚ್ಚು ಜನ, ಮತ್ತು ಬಹಳ ಬೆಹೆಮಾ. ಅಲ್ಲಿ ‘ದನಗಳು’ ಎಂದು ಬರೆದರೆ ನಿನೆವೆಯ ಕುರಿ, ಆಡು, ಕತ್ತೆಗಳು ಕನಿಕರದ ಹೊರಗೆ ಬೀಳುತ್ತವೆ. ‘ಪಶುಪ್ರಾಣಿಗಳು’ ಎಂಬುದೇ ಆ ಜಾಗಕ್ಕೆ ಸರಿಯಾದ ಕನ್ನಡ.