ಸ್ಟಾರ್ಟರ್ ಮೋಟಾರಿನ ಖರ್ಚು ಮತ್ತು ತೆರಿಗೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಅನೇಕ ವರ್ತಕರು ವ್ಯವಹಾರಕ್ಕೆಂದು ಏಳು ಆಸನಗಳ ದೊಡ್ಡ ಎಸ್‌ಯುವಿ ಇರಿಸಿಕೊಂಡಿರುತ್ತಾರೆ. ಅದರ ಸ್ಟಾರ್ಟರ್ ಮೋಟಾರು ಬದಲಿಸಿದ ಖರ್ಚನ್ನು ಲೆಕ್ಕದಲ್ಲಿ ಹೇಗೆ ತೋರಿಸಬೇಕು?

ಇದರಿಂದ ಹೊಸ ಆಸ್ತಿ ಉಂಟಾಗುವುದಿಲ್ಲ. ಇದ್ದ ವಾಹನವೇ ಮೊದಲಿನಂತೆ ಚಲಿಸುತ್ತದೆ. ಆದ್ದರಿಂದ ಇದು ಬಂಡವಾಳ ವೆಚ್ಚವಲ್ಲ, ಆಯಾ ವರ್ಷದ ದುರಸ್ತಿ ವೆಚ್ಚ.

ಜಿಎಸ್‌ಟಿಯ ಮಾತು ಬೇರೆ. ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನದ ದುರಸ್ತಿಗೆ ತೆತ್ತ ತೆರಿಗೆಯ ಜಮೆಯು ಕಲಂ 17(5)ರ ಪ್ರಕಾರ ಸಾಮಾನ್ಯ ವರ್ತಕರಿಗೆ ದೊರೆಯದು. ಸರಕು ಸಾಗಣೆ ವಾಹನಗಳಿಗೆ ಈ ನಿರ್ಬಂಧವಿಲ್ಲ.

ಉದಾಹರಣೆಗೆ, ಮೋಟಾರು ಮತ್ತು ಕೂಲಿ ಸೇರಿ ರೂ. 14,000 ಆಯಿತೆನ್ನೋಣ. ಶೇ. 18ರಂತೆ ತೆರಿಗೆ ರೂ. 2,520, ಒಟ್ಟು ರೂ. 16,520. ಜಮೆ ಸಿಗದ ತೆರಿಗೆಯೂ ವೆಚ್ಚಕ್ಕೇ ಸೇರುತ್ತದೆ. ವಾಹನದ ಕಾಲುಭಾಗ ಬಳಕೆ ಮನೆಗಾದರೆ ರೂ. 4,130 ಕಳೆದು, ರೂ. 12,390 ಮಾತ್ರ ವ್ಯಾಪಾರದ ಖರ್ಚು.

ಒಬ್ಬರಿಗೆ ಒಂದೇ ದಿನ ರೂ. 10,000 ಮೀರಿ ನಗದು ಕೊಟ್ಟರೆ ಆ ಖರ್ಚು ಆದಾಯ ತೆರಿಗೆಯಲ್ಲಿ ಮಾನ್ಯವಾಗದು. ಆದ್ದರಿಂದ ಬ್ಯಾಂಕಿನ ಮೂಲಕವೇ ಪಾವತಿಸಿ, ವಾಹನದ ಸಂಖ್ಯೆ ನಮೂದಿಸಿದ ಬಿಲ್ಲನ್ನು ಪಡೆದಿಡುವುದು ಕ್ಷೇಮ. ಅದಕ್ಕೂ ಮೊದಲು ಬ್ಯಾಟರಿ ಹಾಗೂ ಕಾರ್ಬನ್ ಬ್ರಷ್ ಪರೀಕ್ಷಿಸಿರಿ. ದೋಷ ಅಲ್ಲಿಯೇ ಇದ್ದರೆ ಹೊಸ ಮೋಟಾರಿನ ಅಗತ್ಯವೇ ಬೀಳದು.